ಸಾವಯವ ಕೃಷಿಯಲ್ಲಿ ಕಾರ್ಮಿಕ ನ್ಯಾಯ: ಕ್ಯಾಲಿಫೋರ್ನಿಯಾ

ಸಾವಯವ ಜಮೀನುಗಳಲ್ಲಿ ದುಡಿಯುವವರ ಕೂಲಿ, ಆರೋಗ್ಯ, ವಸತಿ ಮತ್ತು ಸಂಘ ಕಟ್ಟುವ ಹಕ್ಕಿಗೆ ಸಂಬಂಧಿಸಿದ ಕಾನೂನು, ಒಪ್ಪಂದ ಹಾಗೂ ಪ್ರಮಾಣೀಕರಣದ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದರ ಚರ್ಚೆ ದೀರ್ಘಕಾಲ ನಡೆದಿದೆ. ರಾಸಾಯನಿಕ ಬಿಟ್ಟ ಬೇಸಾಯ ಆಳುಗಳಿಗೂ ಒಳ್ಳೆಯದನ್ನೇ ಮಾಡುತ್ತದೆ ಎಂದು ಕೊಳ್ಳುವವರು ನಂಬುತ್ತಾರೆ. ವಿಷದ ಮಟ್ಟಿಗೆ ಅದು ನಿಜ. ಕೂಲಿಯ ವಿಷಯದಲ್ಲಿ, ಬೆನ್ನುನೋವಿನ ವಿಷಯದಲ್ಲಿ ನಿಜವಲ್ಲ.

ಅಮೆರಿಕದ ಕಾರ್ಮಿಕ ಕಾನೂನುಗಳು ಹುಟ್ಟಿದಾಗಲೇ ಹೊಲದ ಆಳುಗಳನ್ನು ಹೊರಗಿಟ್ಟಿದ್ದವು. ಸಂಘಟನೆಯ ಹಕ್ಕು ಕೊಟ್ಟ 1935ರ ಕಾನೂನು ಅವರಿಗೆ ಅನ್ವಯಿಸಲಿಲ್ಲ; ಕನಿಷ್ಠ ಕೂಲಿ ನಿಗದಿ ಮಾಡಿದ 1938ರ ಕಾನೂನೂ ಅಷ್ಟೇ. ಕನಿಷ್ಠ ಕೂಲಿಯ ವ್ಯಾಪ್ತಿಗೆ ದೊಡ್ಡ ಜಮೀನುಗಳ ಆಳುಗಳು ಬಂದದ್ದು 1966ರ ತಿದ್ದುಪಡಿಯ ನಂತರ. ಸೀಸರ್ ಚಾವೆಜ್, ಡೊಲೊರೆಸ್ ಹುಯೆರ್ಟಾ ಮುಂತಾದವರು ಕಟ್ಟಿದ ಯುನೈಟೆಡ್ ಫಾರ್ಮ್ ವರ್ಕರ್ಸ್ ಸಂಘ 1965ರಿಂದ 1970ರವರೆಗೆ ದ್ರಾಕ್ಷಿ ಮುಷ್ಕರ ನಡೆಸಿ ಗೆದ್ದಾಗ, ಒಪ್ಪಂದದಲ್ಲಿ ಡಿಡಿಟಿ ಕೀಟನಾಶಕ ಬಳಸಕೂಡದೆಂಬ ಷರತ್ತನ್ನೂ ಹಾಕಿಸಿತು. ಕೇಂದ್ರ ಸರ್ಕಾರ ಡಿಡಿಟಿಯನ್ನು ನಿಷೇಧಿಸಿದ್ದು ಆಮೇಲೆ, 1972ರಲ್ಲಿ. ವಿಷಮುಕ್ತ ಬೇಸಾಯದ ಚರಿತ್ರೆಯಲ್ಲಿ ಕೂಲಿಕಾರರಿಗೆ ಸಲ್ಲಬೇಕಾದ ಈ ಗೌರವ ಸಂದದ್ದು ಕಡಿಮೆ.

ಸಾವಯವ ಬೇಸಾಯದಲ್ಲಿ ಅತಿ ಕಷ್ಟದ ಕೆಲಸ ಕಳೆ ಕೀಳುವುದು. ಕಳೆನಾಶಕ ಬಿಟ್ಟರೆ ಆ ಕೆಲಸದ ಬಹುಪಾಲು ಆಳಿನ ಮೈಮೇಲೆ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಲೆಟ್ಯೂಸ್ ಮತ್ತು ಸಕ್ಕರೆ ಬೀಟ್ ಹೊಲಗಳಲ್ಲಿ ಹಿಂದೆ ಗಿಡ್ಡ ಹಿಡಿಯ ಕಳೆಗುದ್ದಲಿ ಬಳಕೆಯಲ್ಲಿತ್ತು. ಹಿಡಿ ಒಂದರಿಂದ ಎರಡು ಅಡಿ ಉದ್ದ. ಅದನ್ನು ಹಿಡಿದವರು ದಿನವಿಡೀ ಸೊಂಟ ಬಗ್ಗಿಸಿಯೇ ಸಾಲಿನಲ್ಲಿ ಸಾಗಬೇಕು. ಒಬ್ಬ ನೆಟ್ಟಗೆ ನಿಂತರೂ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಬೆನ್ನುಮೂಳೆಗೆ ಶಾಶ್ವತ ಹಾನಿಯಾಗುತ್ತದೆಂದು ವೈದ್ಯರು ಸಾಕ್ಷಿ ನುಡಿದರು. ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 1975ರಲ್ಲಿ ಈ ಗುದ್ದಲಿಗೆ ನಿಷೇಧ ಬಂತು. ಆದರೆ ಹಲವೆಡೆ ಗುದ್ದಲಿಯೇ ಇಲ್ಲದೆ, ಬರಿಗೈಯಲ್ಲಿ ಕಳೆ ಕೀಳಿಸುವುದು ಶುರುವಾಯಿತು. ಬಗ್ಗುವುದು ತಪ್ಪಲಿಲ್ಲ. ಕೊನೆಗೆ 2004ರಲ್ಲಿ ರಾಜ್ಯ ಅದಕ್ಕೂ ಮಿತಿ ಹಾಕಿತು. ಉದ್ದ ಹಿಡಿಯ ಸಲಕರಣೆಯಿಂದ ಆಗುವ ಕೆಲಸವನ್ನು ಕೈಯಲ್ಲಿ ಮಾಡಿಸಬಾರದು ಎಂಬುದು ನಿಯಮದ ತಿರುಳು. ಪ್ರಮಾಣೀಕೃತ ಸಾವಯವ ಬೆಳೆಗೆ ಈ ಮಿತಿಯಿಂದ ವಿನಾಯಿತಿ ಸಿಕ್ಕಿತು. ಒತ್ತಾಗಿ ಬೆಳೆಯುವ ಸೊಪ್ಪಿನ ಮಡಿಗಳಲ್ಲಿ ಉದ್ದ ಗುದ್ದಲಿ ಆಡುವುದಿಲ್ಲ, ಕಳೆನಾಶಕ ಮುಟ್ಟುವಂತಿಲ್ಲ ಎಂಬ ಬೆಳೆಗಾರರ ವಾದದಲ್ಲಿ ಹುರುಳಿತ್ತು. ಆದರೂ ನೆಲವನ್ನು ಕಾಯುವ ಬೇಸಾಯವೇ ಬೆನ್ನು ಕಾಯುವ ನಿಯಮದಿಂದ ಹೊರಗುಳಿದದ್ದು ಈ ಚಳವಳಿಗೆ ತಟ್ಟಿದ ದೊಡ್ಡ ಕಳಂಕ. ನಮ್ಮ ರಾಗಿ ಹೊಲಗಳಲ್ಲೂ ಎಡೆಕುಂಟೆ ಹೊಡೆದ ಮೇಲೆ ಉಳಿದ ಕಳೆ ಕೀಳುವವರು ಹೆಚ್ಚಾಗಿ ಹೆಂಗಸರೇ, ಗಂಡಾಳಿಗಿಂತ ಕಡಿಮೆ ಕೂಲಿಗೆ.

ಅಮೆರಿಕದ ಸಾವಯವ ಕಾನೂನು 1990ರಲ್ಲಿ ಬಂದು, ಅದರ ಮಾನದಂಡಗಳು 2002ರಲ್ಲಿ ಪೂರ್ತಿ ಜಾರಿಯಾದವು. ಗೊಬ್ಬರ, ಬೀಜ, ಔಷಧಿ, ದನಕರುಗಳ ಆರೈಕೆ ಎಲ್ಲಕ್ಕೂ ಅಲ್ಲಿ ನಿಯಮವಿದೆ. ಆಳಿನ ಕೂಲಿಗೆ ಇಲ್ಲ. ಅಂತರರಾಷ್ಟ್ರೀಯ ಸಾವಯವ ಒಕ್ಕೂಟ ಐಫೋಮ್ ಮಾತ್ರ 2005ರಲ್ಲಿ ಒಪ್ಪಿದ ತನ್ನ ನಾಲ್ಕು ತತ್ತ್ವಗಳಲ್ಲಿ ಆರೋಗ್ಯ, ಪರಿಸರ, ಕಾಳಜಿಗಳ ಜೊತೆ ನ್ಯಾಯವನ್ನೂ ಸೇರಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಸಾವಯವ ವಲಯವು ದೊಡ್ಡ ಬಂಡವಾಳದ ಬೇಸಾಯವನ್ನು ಬದಲಿಸುವುದಕ್ಕಿಂತ ಅದರ ಜಾಡಿನಲ್ಲೇ ಸಾಗಿತು ಎಂದು ಸಂಶೋಧಕಿ ಜೂಲಿ ಗುತ್ಮನ್ ತಮ್ಮ ‘ಅಗ್ರೇರಿಯನ್ ಡ್ರೀಮ್ಸ್’ (2004) ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ನೆಲದ ಬೆಲೆ ಏರಿದಂತೆಲ್ಲ ಕಡಿಮೆ ಕೂಲಿಯ ವಲಸೆ ಆಳುಗಳ ಮೇಲಿನ ಅವಲಂಬನೆಯೂ ಗಟ್ಟಿಯಾಯಿತು.

ಬೇರೆ ದಾರಿ ತುಳಿದವರೂ ಇದ್ದಾರೆ. ಸಾಂತಾ ಕ್ರೂಜ್ ಸಮೀಪದ ಡೇವನ್‌ಪೋರ್ಟ್‌ನಲ್ಲಿ ಜಿಮ್ ಕಾಕ್ರನ್ 1983ರಲ್ಲಿ ಆರಂಭಿಸಿದ ಸ್ವಾಂಟನ್ ಬೆರಿ ಫಾರ್ಮ್, ಆ ರಾಜ್ಯದ ಮೊದಲ ಪ್ರಮಾಣೀಕೃತ ಸಾವಯವ ಸ್ಟ್ರಾಬೆರಿ ಜಮೀನು. ಸುತ್ತಲಿನವರು ನಾಟಿಗೆ ಮೊದಲು ಮಣ್ಣಿಗೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸುತ್ತಿದ್ದರೆ, ಇಲ್ಲಿ ಬ್ರೊಕೊಲಿಯಂಥ ಬೆಳೆಗಳನ್ನು ಸರದಿಯಲ್ಲಿ ಬೆಳೆದು ಮಣ್ಣಿನ ರೋಗ ಹತೋಟಿಗೆ ತಂದರು. 1998ರಲ್ಲಿ ಕಾಕ್ರನ್ ಯುನೈಟೆಡ್ ಫಾರ್ಮ್ ವರ್ಕರ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಸಾವಯವ ಜಮೀನೊಂದು ಆ ಸಂಘದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ಮೊದಲು. ಆರೋಗ್ಯ ವಿಮೆ, ಸಂಬಳ ಸಹಿತ ರಜೆ ದೊರೆತವು. ಮುಂದೆ ಕೆಲಸಗಾರರಿಗೆ ಕಂಪನಿಯ ಷೇರುಗಳಲ್ಲೂ ಪಾಲು ಸಿಕ್ಕಿತು.

ಕೂಲಿಕಾರರ ಹಕ್ಕುಗಳನ್ನೇ ಪ್ರಮಾಣಪತ್ರದ ವಿಷಯವಾಗಿಸಿದ್ದು 1999ರಲ್ಲಿ ಆರಂಭವಾದ ಅಗ್ರಿಕಲ್ಚರಲ್ ಜಸ್ಟಿಸ್ ಪ್ರಾಜೆಕ್ಟ್. ಎಲಿಜಬೆತ್ ಹೆಂಡರ್ಸನ್, ಮೈಕೆಲ್ ಸ್ಲೈ ಮತ್ತಿತರ ಸಾವಯವ ಕಾರ್ಯಕರ್ತರು ಕೂಲಿಕಾರರ ಸಂಘಟನೆಗಳ ಜೊತೆ ಕೂತು ಅದರ ನಿಯಮ ರೂಪಿಸಿದರು. ಪ್ರಮಾಣೀಕರಣ ಸಂಸ್ಥೆಯ ತಪಾಸಣಾಧಿಕಾರಿಯ ಜೊತೆಗೆ ಕೂಲಿಕಾರರ ಸಂಘಟನೆಯ ಪ್ರತಿನಿಧಿಯೂ ಬಂದು ಆಳುಗಳನ್ನು ಮಾತನಾಡಿಸುವುದು ಇದರ ವಿಶೇಷ. ಮಾಲೀಕನ ಎದುರು ಯಾವ ಆಳೂ ಬಾಯಿ ಬಿಡುವುದಿಲ್ಲವೆಂದು ಬಲ್ಲವರು ಮಾಡಿದ ಏರ್ಪಾಡು ಇದು. ಬೆಳೆಗಾರನಿಗೆ ಖರೀದಿದಾರ ಕೊಡುವ ಬೆಲೆಯೂ ನ್ಯಾಯವಾಗಿರಬೇಕೆಂಬುದು ಇದೇ ನಿಯಮಾವಳಿಯ ಭಾಗ. ಸಣ್ಣ ರೈತನ ಕೈಗೆ ಹಣ ಬಾರದೆ ಆಳಿನ ಕೈಗೆ ಬರುವುದಾದರೂ ಹೇಗೆ? ಈ ಪ್ರಮಾಣಪತ್ರ ಪಡೆದ ಜಮೀನುಗಳು ಬಹಳ ಕಡಿಮೆ.

ಕಾನೂನಿನ ವ್ಯಾಪ್ತಿ ಅದಕ್ಕಿಂತ ದೊಡ್ಡದು. ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 40 ಗಂಟೆ ಮೀರಿದ ಹೊಲದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂದು ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನು ಮಾಡಿತು. ಅದು ದೊಡ್ಡ ಜಮೀನುಗಳಿಗೆ 2022ರಲ್ಲಿ, ಸಣ್ಣವಕ್ಕೆ 2025ರಲ್ಲಿ ಪೂರ್ತಿ ಅನ್ವಯವಾಯಿತು. ಇದರಲ್ಲಿ ಸಾವಯವ ಬೆಳೆಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ.