ನುಡಿಯಿಂದ ಯೂನಿಕೋಡ್‌ಗೆ: ಸೂತ್ರಗಳ ಸರದಿ

ಕಡತವನ್ನು ಪರದೆಯ ಮೇಲೆ ತೆರೆಯದೆ, ಆಜ್ಞಾಸಾಲಿನಿಂದಲೇ ಅದರ ಪಠ್ಯವನ್ನು ತಿದ್ದುವ ಪದ್ಧತಿಗೆ ಐವತ್ತು ವರ್ಷ ತುಂಬಿದೆ. 1968ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ವಿಧಾನದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮರುವರ್ಷ ಯುನಿಕ್ಸ್‌ನ ‘ಎಡ್’ ಸಂಪಾದಕ ಬಂತು. ಬೆಲ್ ಲ್ಯಾಬ್ಸ್‌ನಲ್ಲೇ ಇದ್ದ ಲೀ ಮೆಕ್‌ಮಹೊನ್‌ಗೆ ‘ಫೆಡರಲಿಸ್ಟ್’ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪತ್ತೆ ಹಚ್ಚಬೇಕಿತ್ತು. ಅಷ್ಟು ಪಠ್ಯ ಎಡ್‌ಗೆ ಹಿಡಿಸಲಿಲ್ಲ. ಅದಕ್ಕಾಗಿ ಹುಟ್ಟಿದ್ದು ಮಾದರಿಗೆ ಹೊಂದುವ ಸಾಲುಗಳನ್ನು ಹೆಕ್ಕುವ ‘ಗ್ರೆಪ್’. ಆಮೇಲೆ 1974ರ ಹೊತ್ತಿಗೆ ಮೆಕ್‌ಮಹೊನ್ ಅವರೇ ಬರೆದದ್ದು ‘ಸೆಡ್’. ಸೆಡ್ ಒಂದು ಸಾಲು ಓದುತ್ತದೆ, ಕೊಟ್ಟ ಸೂತ್ರಗಳನ್ನೆಲ್ಲ ಕೊಟ್ಟ ಸರದಿಯಲ್ಲೇ ಅದಕ್ಕೆ ಅನ್ವಯಿಸುತ್ತದೆ, ಸಾಲನ್ನು ಹೊರಹಾಕಿ ಮುಂದಿನದಕ್ಕೆ ಹೋಗುತ್ತದೆ. ಕಡತ ಎಷ್ಟು ದೊಡ್ಡದಾದರೂ ಅದಕ್ಕೆ ಲೆಕ್ಕವಿಲ್ಲ. ಮುಂದೆ 1977ರಲ್ಲಿ ಆಕ್, 1987ರಲ್ಲಿ ಪರ್ಲ್ ಭಾಷೆಗಳು ಬಂದವು. ಈ ಚರಿತ್ರೆಯನ್ನು ಸಾಮಾನ್ಯವಾಗಿ ಸಾಮರ್ಥ್ಯ ಬೆಳೆದ ಕಥೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಉಳಿದುಬಂದ ಸಾರ ಬೇರೆ: ತಿದ್ದುಪಡಿಯನ್ನು ಸರದಿಯುಳ್ಳ ಸೂತ್ರಗಳ ಪಟ್ಟಿಯಾಗಿ ಬರೆದಿಡುವುದು. ಅದರ ಬೆಲೆ ಕನ್ನಡದ ಹಳೆಯ ಕಡತಗಳಲ್ಲಿ ಕಾಣುವಷ್ಟು ಚೆನ್ನಾಗಿ ಇಂಗ್ಲಿಷ್ ಪಠ್ಯದಲ್ಲಿ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಡಿಟಿಪಿ ಮಾಡಿದ ಸ್ಮರಣ ಸಂಚಿಕೆಯ ಹಳೆಯ ಕಡತವೊಂದನ್ನು ಕುವೈತಿನ ಎಗೈಲಾದಲ್ಲೋ ಮಹಬೂಲಾದಲ್ಲೋ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ತಲೆಬುಡವಿಲ್ಲದ ಯುರೋಪಿನ ಅಕ್ಷರಗಳು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು; ಭಾರತದ್ದೇ ಆದ ಇಸ್ಕಿ ಎಂಬ ಸಂಕೇತ ಮಾನಕವೂ ಇತ್ತು. ಆದರೆ ಮುದ್ರಣಾಲಯಗಳು ನಡೆದದ್ದು ಶ್ರೀಲಿಪಿ, ಬರಹ, ನುಡಿ ಎಂಬ ತಂತ್ರಾಂಶಗಳ ಫಾಂಟ್ ಸಂಕೇತಗಳ ಮೇಲೆ. ಅಲ್ಲಿ ಕಡತದೊಳಗೆ ಕೂತಿರುವುದು ಅಕ್ಷರವಲ್ಲ, ಅಕ್ಷರದ ಚೂರುಗಳ ಆಕಾರ. ಕುವೈತಿನದೇ ಅನುಭವ ಇಲ್ಲಿ ಹೋಲಿಕೆಗೆ ಒದಗುತ್ತದೆ. 1982ರಲ್ಲಿ ಮಹಮ್ಮದ್ ಅಲ್ ಶಾರಿಖ್ ಅಲ್ಲಿ ಕಟ್ಟಿದ ಸಖ್ರ್ ಸಂಸ್ಥೆ ಅರಬ್ಬಿ ಕಂಪ್ಯೂಟರುಗಳನ್ನು ಮನೆಮನೆಗೆ ಮುಟ್ಟಿಸಿತು. ಅರಬ್ಬಿಯಲ್ಲೂ ಅಕ್ಷರದ ಆಕಾರ ಅದು ನಿಂತ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೂ 1987ರ ಅರಬ್ಬಿ ಐಎಸ್‌ಒ ಮಾನಕ ಅಕ್ಷರವನ್ನಷ್ಟೇ ಸಂಕೇತಿಸಿ, ಆಕಾರವನ್ನು ಮೂಡಿಸುವ ಕೆಲಸ ಯಂತ್ರಕ್ಕೆ ಬಿಟ್ಟಿತು. ನಾವು ಆಕಾರವನ್ನೇ ಶೇಖರಿಸಿದೆವು. ಪರಿವರ್ತನೆಯ ಸಾಲ ಅಲ್ಲಿಂದ ಬೆಳೆಯಿತು.

ಸೆಡ್‌ನ ಮುಖ್ಯ ಆಜ್ಞೆ ಸರಳ: ‘ಎಸ್’ ಎಂಬ ಒಂದಕ್ಷರ, ಸ್ಲ್ಯಾಶ್, ಹಳೆಯದು, ಸ್ಲ್ಯಾಶ್, ಹೊಸದು, ಸ್ಲ್ಯಾಶ್, ಸಾಲಿನಲ್ಲಿ ಬಂದಲ್ಲೆಲ್ಲ ಬದಲಾಗಬೇಕಾದರೆ ಕೊನೆಗೊಂದು ‘ಜಿ’. ನುಡಿಯ ಕಡತಕ್ಕೆ ಇದನ್ನು ಹಚ್ಚಿದೊಡನೆ ಸರದಿಯ ಮಹತ್ವ ತಿಳಿಯುತ್ತದೆ. ಅಲ್ಲಿ ‘ಮ’ ಎಂದರೆ ‘ವ’ದ ಚೂರುಗಳ ಮುಂದೆ ಕೊಂಬಿನ ಚೂರು. ‘ವ’ದ ಸೂತ್ರ ಮೊದಲು ಓಡಿದರೆ ‘ಮತ್ತು’ ಹೋಗಿ ‘ವುತ್ತು’ ಆಗುತ್ತದೆ. ಹಾಗಾಗಿ ಉದ್ದದ ಮಾದರಿ ಮೊದಲು, ಗಿಡ್ಡದ್ದು ಆಮೇಲೆ. ಅರ್ಕಾವತ್ತು ಇನ್ನೂ ತುಂಟ. ‘ಸೂರ್ಯ’ ಪದ ಕಡತದಲ್ಲಿ ಸೂ, ಯ, ಅರ್ಕಾವತ್ತು ಎಂಬ ಕ್ರಮದಲ್ಲಿರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮುಂದಕ್ಕೆ ಬರಬೇಕು. ಸಿಕ್ಕ ಭಾಗವನ್ನು ಆವರಣದಲ್ಲಿ ಹಿಡಿದು ಬೇರೆ ಜಾಗದಲ್ಲಿ ಬಿಡುವ ಸೌಲಭ್ಯ ಸೆಡ್‌ನಲ್ಲಿರುವುದು ಇಂಥದ್ದಕ್ಕೇ. ಆದರೆ ಒಂದೇ ವ್ಯಂಜನ ಹಿಡಿಯುವ ಸೂತ್ರ ಬರೆದರೆ ‘ಅರ್ಘ್ಯ’ ‘ಅಘ್ರ್ಯ’ವಾಗುತ್ತದೆ. ಹಿಡಿಯಬೇಕಾದ್ದು ಒತ್ತು ಸಮೇತ ಇಡೀ ಸಂಯುಕ್ತಾಕ್ಷರವನ್ನು. ವ್ಯಾಕರಣದ ಪಾಠವನ್ನು ಯಂತ್ರಕ್ಕೆ ಬಿಡಿಸಿ ಹೇಳುವ ಕೆಲಸವಿದು.

ಪೈಥಾನ್ ಇರುವಾಗ ಈ ಒಗಟಿನ ಭಾಷೆ ಏಕೆ ಎಂದು ಕೇಳಬಹುದು. ಮಾತು ನಿಜ, ಅರವಿಂದ ವಿ.ಕೆ. ಅವರು ಮುಕ್ತ ತಂತ್ರಾಂಶವಾಗಿ ಬಿಟ್ಟ ನುಡಿ–ಯೂನಿಕೋಡ್ ಪರಿವರ್ತಕ ಪೈಥಾನ್‌ನಲ್ಲೇ ಇದೆ. ಸೆಡ್‌ಗೆ ಮಿತಿಗಳೂ ಉಂಟು: ಅದರ ಮಾದರಿಯಲ್ಲಿ ಬರೆಯುವ ಚುಕ್ಕೆ ಯಾವುದಾದರೂ ಒಂದು ಸಂಕೇತಕ್ಕೆ ಹೊಂದುತ್ತದೆ, ನಾವು ಒಂದೇ ಅಕ್ಷರವೆಂದು ಓದುವ ‘ಕ್ಷ’ ಅದಕ್ಕೆ ಮೂರು. ಭಾಷಾ ವ್ಯವಸ್ಥೆ ಸರಿಯಾಗಿ ಹೊಂದಿಸದಿದ್ದರೆ ಒಂದು ‘ಕ’ವೇ ಮೂರು ಬೈಟುಗಳಾಗಿ ಒಡೆಯುತ್ತದೆ. ಆದರೆ ಆ ಪರಿವರ್ತಕದ ಒಳಗೂ ಇರುವುದು ಇಂಥದೇ ಸೂತ್ರಗಳ ಕೋಷ್ಟಕ, ಇಂಥದೇ ಸರದಿ. ಉಪಕರಣ ಬದಲಾಯಿತು, ವಿಧಾನವಲ್ಲ.

ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಎಲ್ಲ ತಾನೇ ಸರಿಮಾಡುತ್ತದಲ್ಲ ಎಂಬುದು ಈಗಿನ ಆಕ್ಷೇಪ. ಅದು ಮಾಡಬಹುದು, ಜೊತೆಗೆ ಲೇಖಕ ಬೇಕೆಂದೇ ಬರೆದ ಆಡುಮಾತನ್ನೂ ತಿದ್ದಿಬಿಡಬಹುದು, ನೂರು ಪುಟದಲ್ಲಿ ಎಲ್ಲಿ ಕೈಯಾಡಿಸಿತೆಂದು ಸೂತ್ರ ತೋರಿಸಿ ಕೇಳುವಂತಿಲ್ಲ. ಸೂತ್ರ ತಪ್ಪಿದರೆ ಎಲ್ಲ ಕಡೆಯೂ ಒಂದೇ ರೀತಿ ತಪ್ಪುತ್ತದೆ. ಒಂದು ಸಾಲು ತಿದ್ದಿ ಮತ್ತೆ ಓಡಿಸಿದರಾಯಿತು. ಸೂತ್ರಕ್ಕೆ ನಿಜವಾಗಿ ನಿಲುಕದ ತೊಡಕು ಬೇರೆಯೇ ಇದೆ. ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಯ ಸಂಕೇತವೇ ಅನುಸ್ವಾರದ ಸೊನ್ನೆಗೂ ಬಳಕೆಯಾಗಿದೆ. ಕನ್ನಡ ಲೇಖನದ ನಡುವೆ ಇಂಗ್ಲಿಷ್ ಹೆಸರೊಂದು ಬಂದಿದ್ದರೆ, ಅದು ಇಂಗ್ಲಿಷೋ ಕನ್ನಡವೋ ಎಂಬುದನ್ನು ಬರೀ ಪಠ್ಯ ಹೇಳಲಾರದು. ಆ ಸುಳಿವು ವರ್ಡ್ ಕಡತದ ಫಾಂಟ್ ಮಾಹಿತಿಯಲ್ಲಿ ಉಳಿದಿರುತ್ತದೆ. ಪರಿವರ್ತನೆ ಅಲ್ಲಿಂದಲೇ ಶುರುವಾಗಬೇಕು: ಫಾಂಟ್ ನೋಡಿ ಭಾಗಗಳನ್ನು ಬೇರ್ಪಡಿಸಿ, ಕನ್ನಡದ ಭಾಗವನ್ನಷ್ಟೇ ಸೆಡ್‌ಗೆ ಹರಿಸಬೇಕು.