ಬಿಸಿಲಿನಿಂದಲೇ ತಂಪು: ಮೀನು, ತರಕಾರಿ ಸಾಗಣೆಗೆ ಸೌರಶಕ್ತಿ

ಗೋವಾದ ಫೋಂಡಾ ತಾಲೂಕಿನ ಮಡ್ಕಯಿ ಕೈಗಾರಿಕಾ ವಸಾಹತಿಗೆ ಹೆಸರಾದ ಊರು. ಬೆಳಗಾವಿಯಿಂದ ಅನಮೋಡ ಘಾಟಿ ಇಳಿದು ಬರುವ ತರಕಾರಿ, ಹಾಲು ಫೋಂಡಾ ಮಾರ್ಗವಾಗಿಯೇ ಗೋವಾ ಸೇರುತ್ತದೆ. ಕಾರವಾರದ ಕಡೆಯಿಂದ ಮೀನು ಬರುತ್ತದೆ. ಇವೆಲ್ಲ ದಾರಿಯಲ್ಲಿ ಕೆಡದಂತೆ ತಲುಪುವುದೇ ದೊಡ್ಡ ಸವಾಲು.

2018ರಲ್ಲಿ ಮೀನಿಗೆ ಫಾರ್ಮಾಲಿನ್ ಬೆರೆಸುತ್ತಾರೆಂಬ ಶಂಕೆ ಎದ್ದಾಗ ಗೋವಾ ಸರಕಾರ ಹೊರರಾಜ್ಯದ ಮೀನಿಗೆ ನಿರ್ಬಂಧ ಹೇರಿತು. ಉಷ್ಣನಿರೋಧಕ ವಾಹನದಲ್ಲೇ ಮೀನು ತರಬೇಕೆಂಬ ಷರತ್ತು ವಿಧಿಸಿತು. ಅಂಥ ವಾಹನ ಕೊಳ್ಳಲಾಗದ ಕಾರವಾರದ ಸಣ್ಣ ವ್ಯಾಪಾರಿಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು.

ಸಾಮಾನ್ಯ ಶೀತಲ ಲಾರಿಯ ಕಂಪ್ರೆಸರ್ ನಡೆಯುವುದು ಡೀಸೆಲ್‌ನಿಂದ. ಲಾರಿ ನಿಂತಾಗಲೂ ಇಂಧನ ಉರಿಯುತ್ತಲೇ ಇರಬೇಕು. ಇದಕ್ಕೆ ಪರ್ಯಾಯವಾಗಿ ಬ್ರಿಟನ್ನಿನ ಸೇನ್ಸ್‌ಬರಿ ಸಂಸ್ಥೆ ಸೌತಾಂಪ್ಟನ್ ವಿಶ್ವವಿದ್ಯಾಲಯದ ನೆರವಿನಿಂದ 1997ರಲ್ಲೇ ಸೌರ ಶೀತಲ ಟ್ರೇಲರ್ ಪ್ರಯೋಗಿಸಿತ್ತು.

ಲೆಕ್ಕಾಚಾರ ಹೀಗಿದೆ. ಸಣ್ಣ ಲಾರಿಯ ಚಾವಣಿ 4 ಮೀಟರ್ ಉದ್ದ, 2 ಮೀಟರ್ ಅಗಲ ಎಂದುಕೊಳ್ಳಿ. ಅಲ್ಲಿ ಸುಮಾರು ಒಂದೂವರೆ ಕಿಲೋವಾಟ್ ಫಲಕ ಕೂರಿಸಬಹುದು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು 6 ಯೂನಿಟ್ ವಿದ್ಯುತ್ ಸಿಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಕಂಪ್ರೆಸರ್ ಎರಡು ಯೂನಿಟ್ ಶಾಖ ಹೊರಹಾಕಿದರೆ, ಅದು ಸುಮಾರು 130 ಕೆ.ಜಿ. ಮಂಜುಗಡ್ಡೆ ಕರಗುವಾಗ ಕೊಡುವ ತಂಪಿಗೆ ಸಮ.

ತಾಜಾ ಮೀನಿಗೆ ಸೊನ್ನೆ ಡಿಗ್ರಿ ಆಸುಪಾಸು, ಹಾಲಿಗೆ 4 ಡಿಗ್ರಿ ತಂಪು ಸಾಕು. ಹೆಪ್ಪುಗಟ್ಟಿಸಿದ ಮೀನಿಗಾದರೋ ಮೈನಸ್ 18 ಡಿಗ್ರಿ ಬೇಕು. ಅದಕ್ಕೆ ಚಾವಣಿಯ ಬಿಸಿಲೊಂದೇ ಸಾಲದು. ಟೊಮೆಟೊ ಅತಿ ತಂಪಿನಲ್ಲಿಟ್ಟರೂ ಕೆಡುತ್ತದೆ ಎಂಬುದು ಗಮನದಲ್ಲಿರಲಿ.

ರಾತ್ರಿ ಸಾಗಣೆಗೆ ಉಪ್ಪಿನ ದ್ರಾವಣ ತುಂಬಿದ ಶೀತಲ ಫಲಕಗಳು ಉಪಯುಕ್ತ. ವಾಹನ ನಿಂತಿರುವಾಗ ಬಿಸಿಲಿನಿಂದಲೋ, ಗೋದಾಮಿನ ವಿದ್ಯುತ್ತಿನಿಂದಲೋ ಇವನ್ನು ಹೆಪ್ಪುಗಟ್ಟಿಸಿಟ್ಟರೆ, ಕರಗುತ್ತಾ ಹಲವು ಗಂಟೆ ತಂಪು ಕೊಡುತ್ತವೆ.

ಕರಾವಳಿಯ ಮಳೆಗಾಲ ಮುಖ್ಯ ಅಡ್ಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದರೂ ಹಾಲು, ತರಕಾರಿ ಸಾಗಣೆ ನಿಲ್ಲದು. ಆಗಸ್ಟ್‌ನಲ್ಲಿ ಮೀನು ಮತ್ತೆ ಬರುವಾಗಲೂ ಮೋಡ ಚದುರಿರುವುದಿಲ್ಲ. ಆದ್ದರಿಂದ ವಿದ್ಯುತ್ ಅಥವಾ ಎಂಜಿನ್ ಬೆಂಬಲ ಇರಲೇಬೇಕು.

ಸಣ್ಣ ವ್ಯಾಪಾರಿಗಳು ಮೊದಲು ಹಣ ಹಾಕಬೇಕಾದದ್ದು ಒಳ್ಳೆಯ ಉಷ್ಣನಿರೋಧಕ ಪೆಟ್ಟಿಗೆಗೆ. ಸರಕನ್ನು ತಣ್ಣಗಾಗಿಸಿಯೇ ತುಂಬಬೇಕು, ಬಾಗಿಲು ಪದೇ ಪದೇ ತೆರೆಯಬಾರದು. ತಂಪು ಸೋರುವ ಪೆಟ್ಟಿಗೆಯ ಮೇಲೆ ಎಷ್ಟು ಸೌರ ಫಲಕ ಹಾಕಿದರೂ ಪ್ರಯೋಜನವಿಲ್ಲ.