ಸಿಪ್ಯಾಪ್ ಯಂತ್ರದ ಗೃಹಬಳಕೆ

ಸಿಪ್ಯಾಪ್ ಯಂತ್ರವು ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಾದ ಸ್ಲೀಪ್ ಆಪ್ನಿಯಾಕ್ಕೆ ಮನೆಯಲ್ಲಿಯೇ ಬಳಸುವ ಚಿಕಿತ್ಸಾ ಸಾಧನವಾಗಿದೆ. ಇದರ ಹೆಸರಿಗೆ ‘ನಿರಂತರ ಧನಾತ್ಮಕ ವಾಯುಮಾರ್ಗ ಒತ್ತಡ’ ಎಂದು ಅರ್ಥ. ಯಂತ್ರದೊಳಗಿನ ಚಿಕ್ಕ ಮೋಟಾರು ಕೋಣೆಯ ಗಾಳಿಯನ್ನು ಸೆಳೆದುಕೊಂಡು, ಶೋಧಿಸಿ, ವೈದ್ಯರು ಗೊತ್ತುಪಡಿಸಿದ ಒತ್ತಡದಲ್ಲಿ ಕೊಳವೆ ಮತ್ತು ಮಾಸ್ಕಿನ ಮೂಲಕ ಶ್ವಾಸನಾಳಕ್ಕೆ ಕಳುಹಿಸುತ್ತದೆ. ಇದು ಆಮ್ಲಜನಕವನ್ನು ಉತ್ಪಾದಿಸುವ ಯಂತ್ರವಲ್ಲ. ಯಂತ್ರವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಅದು ನಡೆಯುತ್ತಿರುವಷ್ಟು ಹೊತ್ತು ಮಾತ್ರ ಉಸಿರಿನ ದಾರಿಯನ್ನು ತೆರೆದಿಡುತ್ತದೆ. ಆದುದರಿಂದ ವಿದ್ಯುತ್ ಪೂರೈಕೆ ಮತ್ತು ದಿನನಿತ್ಯದ ಶುಚಿತ್ವಗಳು ಈ ಚಿಕಿತ್ಸೆಯ ಭಾಗವೇ ಆಗಿವೆ.

ಹಿನ್ನೆಲೆ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವುದರಿಂದ ಉಸಿರಾಟವು ಪದೇ ಪದೇ ನಿಲ್ಲುತ್ತದೆ. ಕನಿಷ್ಠ 10 ಸೆಕೆಂಡುಗಳ ತಡೆಯನ್ನು ಒಂದು ಘಟನೆಯೆಂದು ಎಣಿಸಲಾಗುತ್ತದೆ. ವಯಸ್ಕರಲ್ಲಿ ಉಸಿರು ನಿಲ್ಲುವ ಮತ್ತು ಕುಗ್ಗುವ ಘಟನೆಗಳು ಸೇರಿ ಗಂಟೆಗೆ 5ರಿಂದ 15ರವರೆಗಿದ್ದರೆ ಸೌಮ್ಯ, 15ರಿಂದ 30ರವರೆಗಿದ್ದರೆ ಮಧ್ಯಮ, 30ಕ್ಕೂ ಮೇಲ್ಪಟ್ಟರೆ ತೀವ್ರ ಎಂದು ವರ್ಗೀಕರಿಸುವುದು ರೂಢಿ. ಚಿಕಿತ್ಸೆ ಇಲ್ಲದಿದ್ದಲ್ಲಿ ಹಗಲು ತೂಕಡಿಕೆ, ವಾಹನ ಚಾಲನೆಯಲ್ಲಿ ಅಪಘಾತ, ಅಧಿಕ ರಕ್ತದೊತ್ತಡ ಮುಂತಾದವುಗಳ ಅಪಾಯ ಹೆಚ್ಚುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು ಈ ಚಿಕಿತ್ಸೆಯನ್ನು ರೂಪಿಸಿದರು. ಐವರು ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿಯು 1981ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ ತೀವ್ರ ಸ್ಥಿತಿಯ ರೋಗಿಗಳಿಗೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರವಾಗಿತ್ತು.

ಭಾಗಗಳು

ಯಂತ್ರದ ಮುಖ್ಯ ಭಾಗಗಳೆಂದರೆ ಮೋಟಾರು ಇರುವ ಪೆಟ್ಟಿಗೆ, ಅಡಾಪ್ಟರ್, ಗಾಳಿಯ ಫಿಲ್ಟರ್, ಗಾಳಿಗೆ ತೇವ ಕೂಡಿಸುವ ಹ್ಯೂಮಿಡಿಫೈಯರ್ ಮತ್ತು ಅದರ ನೀರಿನ ತೊಟ್ಟಿ, ಕೊಳವೆ ಹಾಗೂ ಪಟ್ಟಿಗಳಿಂದ ತಲೆಗೆ ಬಿಗಿಯುವ ಮಾಸ್ಕ್. ಸಾಮಾನ್ಯವಾಗಿ ಒತ್ತಡವು 4ರಿಂದ 20 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮನಾಗಿರುತ್ತದೆ. ಮಾಸ್ಕಿನಲ್ಲಿರುವ ಸಣ್ಣ ರಂಧ್ರಗಳು ಹೊರಬಿಟ್ಟ ಉಸಿರು ಆಚೆ ಹೋಗಲೆಂದು ಇರುವಂಥವು. ಗಾಳಿ ಸೋರುತ್ತಿದೆಯೆಂದು ಭಾವಿಸಿ ಅವನ್ನು ಅಂಟುಪಟ್ಟಿಯಿಂದ ಮುಚ್ಚುವುದು ಅಪಾಯಕಾರಿ.

ವಿದ್ಯುತ್ ಪೂರೈಕೆ

ಭಾರತದಲ್ಲಿ ಮನೆಗಳಿಗೆ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ ಪೂರೈಕೆಯಾಗುತ್ತದೆ. ಬಹುತೇಕ ಸಿಪ್ಯಾಪ್ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ಸ್ವೀಕರಿಸಿ, ಯಂತ್ರಕ್ಕೆ 12 ಅಥವಾ 24 ವೋಲ್ಟ್ ಏಕಮುಖ ವಿದ್ಯುತ್ತನ್ನು ಕೊಡುತ್ತವೆ. ಎರಡು ಅಡಾಪ್ಟರುಗಳ ಪಿನ್ನು ಒಂದೇ ಬಗೆಯದಾಗಿ ಕಂಡರೂ ವೋಲ್ಟೇಜ್ ಬೇರೆಯಾಗಿರಬಹುದಾದ್ದರಿಂದ ಯಂತ್ರದೊಡನೆ ಬಂದ ಅಡಾಪ್ಟರನ್ನೇ ಬಳಸಬೇಕು. ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸುವುದು ಉತ್ತಮ. ವಿದ್ಯುತ್ ಏರಿಳಿತ ಹೆಚ್ಚಿರುವ ಕಡೆ ಸ್ಪೈಕ್ ಗಾರ್ಡ್ ಬಳಸಬಹುದು. ತಂತಿಯು ಹಾಸಿಗೆಯ ಅಡಿಯಲ್ಲಿ ನಲುಗದಂತೆಯೂ ನಡೆದಾಡುವ ದಾರಿಯಲ್ಲಿ ಕಾಲಿಗೆ ತೊಡರದಂತೆಯೂ ಇರಬೇಕು.

ಮೋಟಾರಿಗೆ ತಗಲುವ ವಿದ್ಯುತ್ ಕಡಿಮೆ. ಹ್ಯೂಮಿಡಿಫೈಯರ್ ಮತ್ತು ಬಿಸಿ ಕೊಳವೆಗಳೇ ಹೆಚ್ಚಿನ ಪಾಲನ್ನು ಬಳಸುತ್ತವೆ. ಉದಾಹರಣೆಗೆ, ಯಂತ್ರವು ಸರಾಸರಿ 30 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ 8 ಗಂಟೆಗಳ ನಿದ್ರೆಗೆ 240 ವ್ಯಾಟ್-ಗಂಟೆ ಬೇಕಾಗುತ್ತದೆ. ಇದು 75 ವ್ಯಾಟಿನ ಸೀಲಿಂಗ್ ಫ್ಯಾನ್ ಅಷ್ಟೇ ಹೊತ್ತಿಗೆ ಬಳಸುವ 600 ವ್ಯಾಟ್-ಗಂಟೆಗಿಂತ ಕಡಿಮೆ.

ಮನೆಗಳಲ್ಲಿ ಕಾಣಸಿಗುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯ ಲೆಕ್ಕದ ಸಾಮರ್ಥ್ಯ 1800 ವ್ಯಾಟ್-ಗಂಟೆ. ಪರಿವರ್ತನೆಯ ನಷ್ಟ, ಬ್ಯಾಟರಿಯ ವಯಸ್ಸು ಹಾಗೂ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಬರಿದಾಗಿಸಬಾರದೆಂಬ ಕಾರಣಗಳಿಂದ ಅದರ ಅರ್ಧದಷ್ಟನ್ನೇ ನೆಚ್ಚಿಕೊಳ್ಳುವುದು ಜಾಣತನ. ಆದರೂ ಒಂದು ರಾತ್ರಿಯ ಸಿಪ್ಯಾಪ್ ಬಳಕೆಗೆ ಅಷ್ಟು ಧಾರಾಳವಾಗಿ ಸಾಲುತ್ತದೆ. ಆದರೆ ಅದೇ ಬ್ಯಾಟರಿಗೆ ಫ್ಯಾನು, ದೀಪ, ದೂರದರ್ಶನಗಳು ಸೇರಿಕೊಂಡಿರುವ ಮನೆಯಲ್ಲಿ ಸಂಜೆಯ ಲೋಡ್ ಶೆಡ್ಡಿಂಗಿನಲ್ಲಿಯೇ ಅದು ಖಾಲಿಯಾಗಿ, ನಡುರಾತ್ರಿಯಲ್ಲಿ ಯಂತ್ರ ನಿಲ್ಲಬಹುದು. ಮಲಗುವ ಕೋಣೆಯ ಸಾಕೆಟ್ಟು ಇನ್ವರ್ಟರಿನ ಸಂಪರ್ಕದಲ್ಲಿದೆಯೇ ಎಂಬುದನ್ನು ಹಗಲಿನಲ್ಲೇ ಮುಖ್ಯ ಸ್ವಿಚ್ ಆರಿಸಿ ಪರೀಕ್ಷಿಸಿಕೊಳ್ಳುವುದು ಒಳಿತು.

ಹ್ಯೂಮಿಡಿಫೈಯರ್ ಇರುವ ಯಂತ್ರಗಳಿಗೆ ಶುದ್ಧ ಸೈನ್ ತರಂಗದ ಇನ್ವರ್ಟರ್ ಸೂಕ್ತ. ಚೌಕ ತರಂಗದ ಅಗ್ಗದ ಇನ್ವರ್ಟರುಗಳಿಂದ ಅಡಾಪ್ಟರ್ ಬಿಸಿಯಾಗುವ ಅಥವಾ ಕೆಡುವ ಸಂಭವವಿದೆ. 24 ವೋಲ್ಟಿನ ಯಂತ್ರವನ್ನು 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸಲಾಗದು. ಅದಕ್ಕೆಂದೇ ತಯಾರಾದ ಪರಿವರ್ತಕ ಬೇಕು. ಬ್ಯಾಟರಿಯಲ್ಲಿ ನಡೆಸುವಾಗ ಬಿಸಿ ಮಾಡುವ ಭಾಗಗಳನ್ನು ಆರಿಸಿದರೆ ಯಂತ್ರ ಹೆಚ್ಚು ಹೊತ್ತು ನಡೆಯುತ್ತದೆ.

ವಿದ್ಯುತ್ ಕಡಿತವಾದಾಗ

ಯಂತ್ರ ನಿಂತಾಗ ಮಾಸ್ಕಿನೊಳಗಿನ ಗಾಳಿ ಸರಿಯಾಗಿ ಹೊರಹೋಗದೆ, ಬಿಟ್ಟ ಉಸಿರನ್ನೇ ಮರಳಿ ಎಳೆದುಕೊಳ್ಳುವಂತಾಗುತ್ತದೆ. ಮೂಗು ಬಾಯಿಗಳೆರಡನ್ನೂ ಮುಚ್ಚುವ ಮಾಸ್ಕುಗಳಲ್ಲಿ ಇಂಥ ಹೊತ್ತಿನಲ್ಲಿ ಕೋಣೆಯ ಗಾಳಿಗೆ ತೆರೆದುಕೊಳ್ಳುವ ಸುರಕ್ಷಾ ಕವಾಟವಿರುತ್ತದೆ. ತೊಳೆಯುವಾಗ ಈ ಕವಾಟ ಅಂಟಿಕೊಂಡಿದೆಯೇ, ಹರಿದಿದೆಯೇ ಎಂದು ನೋಡಬೇಕು. ಕವಾಟವಿದ್ದರೂ ಯಂತ್ರ ನಿಂತ ಕೂಡಲೇ ಮಾಸ್ಕನ್ನು ತೆಗೆಯುವುದೇ ಸರಿಯಾದ ಕ್ರಮ. ತಾವಾಗಿ ಮಾಸ್ಕ್ ತೆಗೆಯಲಾಗದ ರೋಗಿಗಳ ಬಳಿ ರಾತ್ರಿ ಒಬ್ಬರು ಇರಬೇಕಾಗುತ್ತದೆ.

ಯಂತ್ರವಿಲ್ಲದೆ ಮಲಗಬೇಕಾದ ರಾತ್ರಿ ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗುವುದು ಹಲವರಲ್ಲಿ ಉಸಿರುಕಟ್ಟುವಿಕೆಯನ್ನು ತಗ್ಗಿಸುತ್ತದೆ. ಮದ್ಯಪಾನವು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುವುದರಿಂದ ವರ್ಜ್ಯ. ನಿದ್ರೆಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಮರುದಿನ ತೂಕಡಿಕೆಯಿದ್ದಲ್ಲಿ ವಾಹನ ಚಲಾಯಿಸಬಾರದು.

ಯಂತ್ರದೊಡನೆ ಆಮ್ಲಜನಕವನ್ನೂ ಪಡೆಯುವವರು ಮೊದಲು ಯಂತ್ರವನ್ನು ಚಾಲೂ ಮಾಡಿ ಅನಂತರ ಆಮ್ಲಜನಕವನ್ನು ತೆರೆಯಬೇಕು. ನಿಲ್ಲಿಸುವಾಗ ಮೊದಲು ಆಮ್ಲಜನಕ, ಬಳಿಕ ಯಂತ್ರ. ಈ ಕ್ರಮ ತಪ್ಪಿದರೆ ಪೆಟ್ಟಿಗೆಯೊಳಗೆ ಆಮ್ಲಜನಕ ತುಂಬಿಕೊಂಡು ಬೆಂಕಿಯ ಅಪಾಯ ಉಂಟಾಗುತ್ತದೆ. ಆದುದರಿಂದ ವಿದ್ಯುತ್ ಹೋದೊಡನೆ ಆಮ್ಲಜನಕದ ಹರಿವನ್ನು ನಿಲ್ಲಿಸಬೇಕು.

ನೀರು ಮತ್ತು ತೇವಾಂಶ

ತೊಟ್ಟಿಗೆ ಬಟ್ಟಿ ಇಳಿಸಿದ ನೀರನ್ನು ತಯಾರಕರು ಸಾಮಾನ್ಯವಾಗಿ ಸೂಚಿಸುತ್ತಾರೆ. ಗಡಸು ನೀರಿನಲ್ಲಿರುವ ಲವಣಗಳು ನೀರು ಆವಿಯಾದಂತೆ ತೊಟ್ಟಿಯ ತಳದಲ್ಲಿ ಬಿಳಿಯ ಪದರವಾಗಿ ಕೂರುತ್ತವೆ. ಕರ್ನಾಟಕದ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಇಂಥದ್ದು. ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಕರಗಿದ ಲವಣಗಳೆಲ್ಲ ಹೋಗುವುದಿಲ್ಲ. ಆರ್‌ಒ ಶುದ್ಧೀಕರಣದ ನೀರಿನಲ್ಲಿ ಲವಣ ಕಡಿಮೆಯಿದ್ದರೂ ಅದು ಬಟ್ಟಿ ಇಳಿಸಿದ ನೀರಿಗೆ ಸಮನಲ್ಲ. ವಾಹನದ ಬ್ಯಾಟರಿಗೆಂದು ಮಾರುವ ನೀರು ಉಸಿರಾಟದ ಉಪಯೋಗಕ್ಕಾಗಿ ತಯಾರಾದುದಲ್ಲ.

ತಂಪಾದ ಕೋಣೆಯಲ್ಲಿ ಬೆಚ್ಚಗಿನ ತೇವಗಾಳಿಯು ಕೊಳವೆಯೊಳಗೆ ಹನಿಗಟ್ಟಿ ಗೊರಗೊರ ಸದ್ದು ಬರಬಹುದು. ತೇವದ ಮಟ್ಟವನ್ನು ತಗ್ಗಿಸುವುದು, ಕೊಳವೆಗೆ ಬಟ್ಟೆಯ ಹೊದಿಕೆ ಹಾಕುವುದು ಇದಕ್ಕೆ ಪರಿಹಾರ. ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗೆ, ಸಮತಟ್ಟಾದ ಮೇಜಿನ ಮೇಲೆ ಇಟ್ಟರೆ ನೀರು ಮಾಸ್ಕಿನ ಕಡೆಗೆ ಹರಿಯದು. ಪರದೆ, ಹೊದಿಕೆಗಳು ಗಾಳಿ ಒಳಹೋಗುವ ಬಾಯಿಯನ್ನು ಮುಚ್ಚಬಾರದು.

ಶುಚಿತ್ವ

ಶುಚಿಗೊಳಿಸುವ ಮುನ್ನ ಯಂತ್ರದ ವಿದ್ಯುತ್ ಸಂಪರ್ಕವನ್ನು ಕಳಚಬೇಕು. ರೂಢಿಯಲ್ಲಿರುವ ಕ್ರಮ ಹೀಗಿದೆ:

• ಪ್ರತಿದಿನ: ಮಾಸ್ಕಿನ ಮುಖಕ್ಕೆ ತಾಗುವ ಮೆತ್ತೆಯನ್ನು ಒರೆಸಿ ಅಥವಾ ತೊಳೆದು ಮೈಜಿಡ್ಡನ್ನು ತೆಗೆಯುವುದು. ಜಿಡ್ಡು ಉಳಿದರೆ ಮೆತ್ತೆ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ತೊಟ್ಟಿಯಲ್ಲಿ ಉಳಿದ ನೀರನ್ನು ಚೆಲ್ಲಿ ಒಣಗಿಸಿ, ರಾತ್ರಿ ಹೊಸ ನೀರು ತುಂಬುವುದು.
• ಪ್ರತಿವಾರ: ಮಾಸ್ಕ್, ಪಟ್ಟಿಗಳು, ಕೊಳವೆ ಮತ್ತು ತೊಟ್ಟಿಯನ್ನು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆದು, ನೇರ ಬಿಸಿಲು ತಾಗದಂತೆ ನೆರಳಿನಲ್ಲಿ ಒಣಗಿಸುವುದು.
• ಲವಣದ ಪದರ ಕಂಡಾಗ: ಕೈಪಿಡಿಯಲ್ಲಿ ಹೇಳಿರುವ ಪ್ರಮಾಣದಲ್ಲಿ ಬಿಳಿ ವಿನೆಗರನ್ನು ನೀರಿಗೆ ಬೆರೆಸಿ ತೊಟ್ಟಿಯನ್ನು ನೆನೆಸಿ, ಚೆನ್ನಾಗಿ ಜಾಲಿಸುವುದು.
• ಫಿಲ್ಟರ್: ಆಗಾಗ ಪರೀಕ್ಷಿಸಿ, ಕಪ್ಪಾಗಿದ್ದರೆ ಬದಲಿಸುವುದು. ಬಿಸಾಡುವ ಬಗೆಯ ಫಿಲ್ಟರನ್ನು ತೊಳೆದು ಮರುಬಳಸಬಾರದು. ದೂಳು ಹೆಚ್ಚಿರುವ ರಸ್ತೆಬದಿಯ ಮನೆಗಳಲ್ಲಿ ಅದು ಬೇಗನೆ ತುಂಬಿಕೊಳ್ಳುತ್ತದೆ.

ಬ್ಲೀಚಿಂಗ್ ದ್ರಾವಣ, ಸ್ಪಿರಿಟ್ ಮತ್ತು ಗಾಢ ವಾಸನೆಯ ಕ್ರಿಮಿನಾಶಕಗಳು ಸಲ್ಲವು. ಅವುಗಳ ಆವಿಯನ್ನು ರೋಗಿಯು ರಾತ್ರಿಯಿಡೀ ಉಸಿರಾಡಬೇಕಾಗುತ್ತದೆ. ಓಜೋನ್ ಅಥವಾ ಅತಿನೇರಳೆ ಕಿರಣದಿಂದ ಸಿಪ್ಯಾಪ್ ಉಪಕರಣಗಳನ್ನು ಶುಚಿಗೊಳಿಸುವ ಸಾಧನಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರ ಫೆಬ್ರವರಿಯಲ್ಲಿ ಎಚ್ಚರಿಕೆ ನೀಡಿತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿಯು, ಸದ್ದು ತಗ್ಗಿಸಲು ಒಳಗೆ ಬಳಸಿದ್ದ ಪಾಲಿಯುರೆಥೇನ್ ಫೋಮ್ ಶಿಥಿಲವಾಗಬಹುದೆಂಬ ಕಾರಣದಿಂದ, ಹಲವು ಮಾದರಿಗಳ ಯಂತ್ರಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಹಳೆಯ ಯಂತ್ರವನ್ನು ಕೊಳ್ಳುವವರು ಅದರ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಪರಿಶೀಲಿಸುವುದು ಅಗತ್ಯ.

ಪ್ರಯಾಣ

ಸಾಗಿಸುವ ಮುನ್ನ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಬೇಕು. ಉಳಿದ ನೀರು ಮೋಟಾರಿಗೆ ನುಗ್ಗಿದರೆ ಯಂತ್ರ ಕೆಡುತ್ತದೆ. ವಿಮಾನದಲ್ಲಿ ಯಂತ್ರವನ್ನು ಕೈಚೀಲದೊಡನೆ ಒಯ್ಯುವುದು ಕ್ಷೇಮ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಸಾಮಾನಿನಲ್ಲಿ ಮಾತ್ರ ಒಯ್ಯಬಹುದು. 100 ವ್ಯಾಟ್-ಗಂಟೆ ಮೀರಿ 160ರವರೆಗಿನ ಬ್ಯಾಟರಿಗಳಿಗೆ ವಿಮಾನ ಸಂಸ್ಥೆಯ ಅನುಮತಿ ಬೇಕು.

ವೈದ್ಯರ ಸಲಹೆ ಬೇಕಾಗುವ ಸಂದರ್ಭಗಳು

ನಿಯಮಿತವಾಗಿ ಬಳಸಿಯೂ ಹಗಲು ತೂಕಡಿಕೆ ಉಳಿದರೆ, ಗೊರಕೆ ಮರುಕಳಿಸಿದರೆ, ಯಂತ್ರದ ಪರದೆಯಲ್ಲಿ ಘಟನೆಗಳ ಸಂಖ್ಯೆ ಅಥವಾ ಗಾಳಿಯ ಸೋರಿಕೆ ಹೆಚ್ಚಾಗಿ ಕಂಡರೆ ವೈದ್ಯರನ್ನು ಕಾಣಬೇಕು. ಕೆಲವು ಮಾಸ್ಕುಗಳ ಕೊಂಡಿಗಳಲ್ಲಿ ಅಯಸ್ಕಾಂತಗಳಿರುವುದರಿಂದ ಪೇಸ್‌ಮೇಕರ್ ಮುಂತಾದ ಸಾಧನಗಳನ್ನು ದೇಹದಲ್ಲಿ ಅಳವಡಿಸಿಕೊಂಡವರು, ಅವರೊಡನೆ ಒಂದೇ ಹಾಸಿಗೆಯಲ್ಲಿ ಮಲಗುವವರೂ ಸೇರಿದಂತೆ, ಮಾಸ್ಕ್ ಆರಿಸುವ ಮುನ್ನ ವಿಚಾರಿಸಬೇಕು. ಒತ್ತಡದ ಮಟ್ಟವನ್ನು ರೋಗಿಯು ತಾನಾಗಿ ಬದಲಾಯಿಸುವುದು ಸಲ್ಲದು.